ಗೆಲಾಕ್ಸಿಯ ಅಂಚು ಮತ್ತು ಕನ್ನಡಿಯ ಅಳತೆ

ದೂರದರ್ಶಕ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಇಂಚಿನದು?’ ಎಂದು. ಹೊಸ ವೀಕ್ಷಣಾಲಯವೊಂದು ಎದ್ದು ನಿಂತರೆ ಪತ್ರಿಕೆಗಳ ತಲೆಬರಹದಲ್ಲಿ ಬರುವುದೂ ಅದೇ: ಎಷ್ಟು ಮೀಟರಿನ ಕನ್ನಡಿ, ದೇಶದಲ್ಲಿ ಎಷ್ಟನೆಯದು. ಈ ಲೆಕ್ಕದ ಹಿಂದೆ ಒಂದು ನಂಬಿಕೆಯಿದೆ. ಆಕಾಶದಲ್ಲಿ ಹೆಚ್ಚು ಮಸುಕಾದದ್ದನ್ನು ಕಾಣಬೇಕಾದರೆ ಕನ್ನಡಿ ದೊಡ್ಡದಿರಬೇಕು, ಅದು ದೊಡ್ಡದಾದಂತೆಲ್ಲ ಉಳಿದ ಕೊರತೆಗಳು ತಾವಾಗಿ ನೀಗುತ್ತವೆ ಎಂಬುದು. ನಾನಿರುವ ವಡೋದರಾದ ಮಂಜಲ್‌ಪುರದಂಥ ನಗರ ಬಡಾವಣೆಗಳಲ್ಲಿ ಇದಕ್ಕೆ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ. ಬೀದಿದೀಪಗಳಿಂದ ಆಕಾಶ ಬೆಳ್ಳಗಾದರೆ ಆಗಲಿ, ವಿಜ್ಞಾನಿಗಳ ಬಳಿ ದೊಡ್ಡ ಯಂತ್ರಗಳಿವೆ, ನೋಡಬೇಕಾದದ್ದನ್ನು ಅವರು ನೋಡಿಕೊಳ್ಳುತ್ತಾರೆ ಎಂದು. ನಮಗೆ ಹತ್ತಿರದ ಗೆಲಾಕ್ಸಿಗಳ ಹೊರವಲಯದಲ್ಲಿರುವ ಅತಿ ಮಸುಕಾದ ರಚನೆಗಳನ್ನು ಚಿತ್ರಿಸುವ ಕೆಲಸವನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸಿದರೆ ಮೊದಲನೆಯ ಮಾತು ಅರ್ಧ ಸತ್ಯ, ಎರಡನೆಯದು ಪೂರ್ಣ ತಪ್ಪು. ಅರ್ಧ ಸತ್ಯವೇ ಪೂರ್ಣ ತಪ್ಪಿಗೆ ಆಸರೆಯಾಗಿರುವುದರಿಂದ ಎರಡನ್ನೂ ಬಿಡಿಸಿ ನೋಡುವುದು ಅಗತ್ಯ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲ. 20 ಸೆಂಟಿಮೀಟರ್ ಕನ್ನಡಿಯ ವಿಸ್ತೀರ್ಣ ಅದರ 800 ಪಟ್ಟು. ಬರಿಗಣ್ಣಿಗೆ ಸಿಗದ ನಕ್ಷತ್ರಗಳು ಅದರಲ್ಲಿ ಸಾಲುಸಾಲಾಗಿ ಕಾಣುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಚರಿತ್ರೆಯೂ ಅದರ ಪರವಾಗಿದೆ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಎಂ51 ಗೆಲಾಕ್ಸಿಯ ಸುರುಳಿಯನ್ನು ಮೊದಲ ಬಾರಿಗೆ ಗುರುತಿಸಿದ್ದು ಆ ಕಾಲದ ಅತಿ ದೊಡ್ಡದಾದ 1.8 ಮೀಟರ್ ಕನ್ನಡಿಯಿಂದ. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾ ಗೆಲಾಕ್ಸಿಯೊಳಗೆ ದೂರ ಅಳೆಯಲು ನೆರವಾಗುವ ಒಂದು ಸೆಫೀಡ್ ನಕ್ಷತ್ರವನ್ನು ಹಿಡಿದು, ಆ ಗೆಲಾಕ್ಸಿ ನಮ್ಮ ಆಕಾಶಗಂಗೆಯ ಹೊರಗಿನ ಲೋಕವೆಂದು ತೋರಿಸಿದ್ದು ಮೌಂಟ್ ವಿಲ್ಸನ್ನಿನ 2.5 ಮೀಟರ್ ಕನ್ನಡಿಯಿಂದ. ಗುಜರಾತಿನ ಸಮೀಪದ ಉದಾಹರಣೆಯೇ ಬೇಕೆಂದರೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಅಬು ಪರ್ವತದ ಗುರುಶಿಖರದಲ್ಲಿ ನಡೆಸುವ ವೀಕ್ಷಣಾಲಯವಿದೆ. ವಿಕ್ರಂ ಸಾರಾಭಾಯ್ 1947ರಲ್ಲಿ ಕಟ್ಟಿದ ಸಂಸ್ಥೆ ಅದು. ಸಮುದ್ರಮಟ್ಟದಿಂದ 1,680 ಮೀಟರ್ ಎತ್ತರದ ಆ ಶಿಖರದಲ್ಲಿ ಮೊದಲು 1.2 ಮೀಟರ್ ದೂರದರ್ಶಕವಿತ್ತು, ಈಗ ಪಕ್ಕದಲ್ಲಿ 2.5 ಮೀಟರಿನದೂ ಇದೆ. ಅನ್ಯ ನಕ್ಷತ್ರಗಳ ಸುತ್ತಲಿನ ಗ್ರಹಗಳನ್ನು ಪತ್ತೆಮಾಡಲು ಅಲ್ಲಿಯ ವಿಜ್ಞಾನಿಗಳು ಒಂದು ನಕ್ಷತ್ರದ ಬೆಳಕನ್ನು ಸಾವಿರಾರು ಬಣ್ಣಗಳಾಗಿ ಹರಡಿ ಅಳೆಯುತ್ತಾರೆ. ಹಾಗೆ ಹಂಚಿದಾಗ ಪ್ರತಿ ಬಣ್ಣದ ಪಾಲಿಗೆ ಬರುವ ಬೆಳಕು ತೀರ ಕಡಿಮೆ. ಅಲ್ಲಿ ಕನ್ನಡಿಯ ಪ್ರತಿ ಸೆಂಟಿಮೀಟರಿಗೂ ಬೆಲೆಯಿದೆ.

ಆದರೆ ಈ ಉದಾಹರಣೆಗಳಲ್ಲಿ ಎರಡನ್ನು ಗಮನಿಸಬೇಕು. ಹಬಲ್ ಕಂಡದ್ದು ಒಂದು ನಕ್ಷತ್ರ. ಗುರುಶಿಖರದಲ್ಲಿ ಅಳೆಯುವುದೂ ಒಂದೊಂದೇ ನಕ್ಷತ್ರ. ಅಂದರೆ ಬಿಂದು. ಗೆಲಾಕ್ಸಿಯ ಹೊರವಲಯ ಬಿಂದುವಲ್ಲ, ಹರಡಿಕೊಂಡ ಬೆಳಕು. ದೊಡ್ಡ ಗೆಲಾಕ್ಸಿಗಳು ಚಿಕ್ಕವನ್ನು ನುಂಗುತ್ತ ಬೆಳೆದಿವೆ ಎಂಬುದು ಇಂದಿನ ವಿಶ್ವವಿಜ್ಞಾನದ ಒಂದು ಮುಖ್ಯ ಹೇಳಿಕೆ. ಹಾಗೆ ನುಂಗಲ್ಪಟ್ಟ ಕುಬ್ಜ ಗೆಲಾಕ್ಸಿ ಗುರುತ್ವದ ಎಳೆತಕ್ಕೆ ಹರಿದು, ಅದರ ನಕ್ಷತ್ರಗಳು ಉದ್ದವಾದ ಧಾರೆಗಳಾಗಿ, ಕೆಲವೊಮ್ಮೆ ಒಂದರ ಹೊರಗೊಂದು ಚಿಪ್ಪುಗಳಾಗಿ ಚೆಲ್ಲಿಹೋಗುತ್ತವೆ. ಗೆಲಾಕ್ಸಿಯ ಹೊರಗೆ ಒಂದು ಸುತ್ತು ಮುಗಿಯಲು ನೂರಾರು ಕೋಟಿ ವರ್ಷ ಬೇಕಾದ್ದರಿಂದ ಅಲ್ಲಿ ಈ ಅವಶೇಷಗಳು ಬೇಗ ಅಳಿಸಿಹೋಗುವುದಿಲ್ಲ. ಒಳಗೆ ಎಂದೋ ಕದಡಿಹೋದ ಇತಿಹಾಸ ಹೊರಗೆ ಇನ್ನೂ ಓದಲು ಸಿಗುತ್ತದೆ. ನಮ್ಮ ಆಕಾಶಗಂಗೆಯೇ ಈಗ ಹೀಗೊಂದನ್ನು ನುಂಗುತ್ತಿದೆ; ಧನು ರಾಶಿಯ ದಿಕ್ಕಿನ ಆ ಕುಬ್ಜ ಗೆಲಾಕ್ಸಿ ಪತ್ತೆಯಾದದ್ದು 1994ರಲ್ಲಿ. ಬೇರೆ ಗೆಲಾಕ್ಸಿಗಳಲ್ಲೂ ಇಂಥ ಧಾರೆಗಳು ಎಷ್ಟಿವೆ, ಎಷ್ಟು ದಟ್ಟ, ಯಾವ ಆಕಾರ ಎಂಬುದು ತಿಳಿದರೆ ಗೆಲಾಕ್ಸಿಗಳು ಬೆಳೆದ ಬಗೆಯನ್ನೂ ಅವುಗಳನ್ನು ಹಿಡಿದಿಟ್ಟಿರುವ ಕಾಣದ ದ್ರವ್ಯದ ಹಂಚಿಕೆಯನ್ನೂ ಪರೀಕ್ಷೆಗೊಡ್ಡಬಹುದು. ಪುಸ್ತಕಗಳಲ್ಲಿ ನಾವು ನೋಡುವ ಚಿತ್ರದಲ್ಲಿ ಗೆಲಾಕ್ಸಿ ಎಲ್ಲಿ ಮುಗಿಯುತ್ತದೋ ಅದು ಆ ಚಿತ್ರದ ಮಿತಿಯೇ ಹೊರತು ಗೆಲಾಕ್ಸಿಯದಲ್ಲ.

ಬಿಂದುವಿಗೂ ಹರವಿಗೂ ಇರುವ ವ್ಯತ್ಯಾಸ ಎಷ್ಟು ಮೂಲಭೂತವೆಂಬುದು ಕಣ್ಣಿಟ್ಟು ನೋಡುವ ದೂರದರ್ಶಕದಲ್ಲೇ ತಿಳಿಯುತ್ತದೆ. ದೂರದರ್ಶಕ ಹೆಚ್ಚು ಬೆಳಕು ಹಿಡಿಯುತ್ತದೆ, ಆದರೆ ಚಿತ್ರವನ್ನು ಹಿಗ್ಗಿಸಿ ಆ ಬೆಳಕನ್ನು ಹೆಚ್ಚು ಜಾಗಕ್ಕೆ ಹರಡುತ್ತದೆ. ಕಣ್ಣಿನ ಪಾಪೆಯೊಳಗೆ ಬೆಳಕೆಲ್ಲ ಹೋಗಬೇಕಾದರೆ ಎಷ್ಟು ಹಿಗ್ಗಿಸಲೇಬೇಕೋ ಅಷ್ಟರಲ್ಲಿ ಗಳಿಸಿದ್ದೆಲ್ಲ ಹಂಚಿಹೋಗುತ್ತದೆ. ಹಾಗಾಗಿ ಜಗತ್ತಿನ ಯಾವ ದೂರದರ್ಶಕದಲ್ಲಿ ಕಣ್ಣಿಟ್ಟರೂ ಆಂಡ್ರೊಮಿಡಾದ ಒಂದು ತುಣುಕು ಬರಿಗಣ್ಣಿಗೆ ಕಾಣುವುದಕ್ಕಿಂತ ಪ್ರಕಾಶಮಾನವಾಗಿ ಕಾಣುವುದಿಲ್ಲ. ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ನಕ್ಷತ್ರ ಮಾತ್ರ ಬಿಂದುವಾಗಿಯೇ ಉಳಿಯುವುದರಿಂದ ಗಳಿಕೆಯೆಲ್ಲ ಅದಕ್ಕೆ ಸೇರುತ್ತದೆ. ಕ್ಯಾಮೆರಾ ಬೆಳಕನ್ನು ಗಂಟೆಗಟ್ಟಲೆ ಕೂಡಿಡಬಲ್ಲದು, ನಿಜ. ಆದರೂ ಒಂದು ಅನುಪಾತವನ್ನು ಅದೂ ಬದಲಿಸಲಾರದು. ಗೆಲಾಕ್ಸಿಯ ತುಣುಕಿನಿಂದ ಬರುವ ಬೆಳಕಿಗೂ ಅದೇ ತುಣುಕಿನ ಮುಂದೆ ಹರಡಿರುವ ನಮ್ಮದೇ ಆಕಾಶದ ಬೆಳಕಿಗೂ ಇರುವ ಅನುಪಾತ ಅದು. ಕನ್ನಡಿ ಎಷ್ಟು ದೊಡ್ಡದಾದರೂ ಎರಡನ್ನೂ ಸಮವಾಗಿಯೇ ಹಿಡಿಯುತ್ತದೆ.

ಆ ಅನುಪಾತವನ್ನು ಅಂಕಿಗಳಲ್ಲಿ ನೋಡೋಣ. ಖಗೋಳಶಾಸ್ತ್ರಜ್ಞರು ಹೊಳಪನ್ನು ಅಳೆಯುವ ಕಾಂತಿಮಾನದ ಪಟ್ಟಿಯಲ್ಲಿ ಅಂಕಿ ಹೆಚ್ಚಾದಂತೆ ಮಸುಕು ಹೆಚ್ಚು, 5 ಅಂಕಿ ಏರಿದರೆ ಬೆಳಕು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹರಡಿದ ಬೆಳಕನ್ನು ಒಂದು ಚದರ ಆರ್ಕ್‌ಸೆಕೆಂಡ್ ಆಕಾಶಕ್ಕೆ ಎಷ್ಟು ಎಂದು ಹೇಳುತ್ತಾರೆ; ಆಕಾಶದಲ್ಲಿ ಕೋನವನ್ನು ಅಳೆಯುವ ತೀರ ಸಣ್ಣ ಮಾನ ಅದು. ಈ ಲೆಕ್ಕದಲ್ಲಿ ಚಂದ್ರನಿಲ್ಲದ, ದೀಪಗಳಿಲ್ಲದ ಅತ್ಯುತ್ತಮ ಆಕಾಶದ ಹೊಳಪು ಸುಮಾರು 22. ನಕ್ಷತ್ರಧಾರೆಗಳಲ್ಲಿ ಹೊಳೆಯುವಂಥವೆಂದರೆ 26ರ ಆಸುಪಾಸು; 28ಕ್ಕೆ ಇಳಿದರೆ ಹೆಚ್ಚು ಸಿಗುತ್ತವೆ; ಗಣಕದ ಮಾದರಿಗಳು ಮುನ್ಸೂಚಿಸುವ ಬಹುಪಾಲು ಇನ್ನೂ ಕೆಳಗೆ, 29–30ರ ಆಚೆ ಇವೆ. 28 ಎಂದರೆ ಅತ್ಯಂತ ಕತ್ತಲೆಯ ಆಕಾಶಕ್ಕಿಂತಲೂ 250 ಪಟ್ಟು ಮಸುಕು. 30 ಎಂದರೆ ಸುಮಾರು 1,600 ಪಟ್ಟು. ಹೀಗಾಗಿ ‘ಕಾಣದಷ್ಟು ಕಡಿಮೆ ಬೆಳಕು’ ಎಂಬ ಸಾಮಾನ್ಯ ವಿವರಣೆ ಇಲ್ಲಿ ದಾರಿತಪ್ಪಿಸುತ್ತದೆ. ಬೆಳಕಿಗೆ ಇಲ್ಲಿ ಬರವಿಲ್ಲ. ಬೇಕಿಲ್ಲದ ಬೆಳಕಿನ ರಾಶಿಯಿಂದ ಬೇಕಾದ ಒಂದು ಎಳೆಯನ್ನು ಕಳೆದು ತೆಗೆಯಬೇಕಾಗಿದೆ, ಕಷ್ಟವಿರುವುದು ಅಲ್ಲಿ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಎದುರು ದಿಕ್ಕಿನ ಇನ್ನೊಂದು ಗೊಂದಲಕ್ಕೆ ಬೀಳುತ್ತಾರೆ. ಹರಡಿದ ಬೆಳಕಿಗೆ ಕನ್ನಡಿಯ ಅಗಲ ಲೆಕ್ಕಕ್ಕೇ ಬರುವುದಿಲ್ಲ, ಮಸೂರದ ಎಫ್ ಸಂಖ್ಯೆ, ಎಂದರೆ ನಾಭಿದೂರಕ್ಕೂ ಅಗಲಕ್ಕೂ ಇರುವ ಅನುಪಾತ, ಚಿಕ್ಕದಿದ್ದರೆ ಸಾಕು ಎನ್ನುತ್ತಾರೆ. ಹವ್ಯಾಸಿ ಛಾಯಾಗ್ರಾಹಕರಲ್ಲಿ ಇದು ಬಹಳ ಬಳಕೆಯಲ್ಲಿರುವ ಮಾತು. ಒಂದು ಪಿಕ್ಸೆಲ್ಲಿಗೆ ಎಷ್ಟು ಬೆಳಕು ಬೀಳುತ್ತದೆಂಬ ಪ್ರಶ್ನೆಗೆ ಇದು ಸರಿಯಾದ ಉತ್ತರ. ಆದರೆ ನಿಸರ್ಗಕ್ಕೆ ಪಿಕ್ಸೆಲ್ಲಿನ ಪರಿಚಯವಿಲ್ಲ. ಆಕಾಶದ ಒಂದು ನಿರ್ದಿಷ್ಟ ತುಣುಕಿನಿಂದ ಎಷ್ಟು ಫೋಟಾನುಗಳು ಬಂದವೆಂಬುದು ಕನ್ನಡಿಯ ವಿಸ್ತೀರ್ಣ ಮತ್ತು ಕಾದ ಸಮಯ ಇವೆರಡರ ಗುಣಲಬ್ಧದ ಮೇಲೇ ನಿಂತಿದೆ. ಅರ್ಧ ಅಗಲದ ಕನ್ನಡಿ ನಾಲ್ಕು ಪಟ್ಟು ಸಮಯ ಕಾದರೆ ಅದೇ ಫಲ. ಹಾಗಾಗಿ ದೊಡ್ಡ ಕನ್ನಡಿಯ ವಕೀಲರು ಹೇಳುವುದರಲ್ಲಿ ಇಷ್ಟು ನಿಜ: ಕನ್ನಡಿ ಸಮಯವನ್ನು ಉಳಿಸುತ್ತದೆ. ಸಮಯದಿಂದ ಕೊಳ್ಳಬಹುದಾದದ್ದನ್ನು ಮಾತ್ರ ಅದು ಕೊಡುತ್ತದೆ ಎಂಬುದು ಅದೇ ವಾಕ್ಯದ ಇನ್ನೊಂದು ಮುಖ. ಎಷ್ಟು ಕಾದರೂ ಸಿಗದ್ದು ಯಾವುದು ಎಂದು ಕೇಳಿದಾಗಲೇ ಈ ವಿಷಯದ ಹೂರಣ ಸಿಗುವುದು.

ಅಳತೆಯಲ್ಲಿ ಎರಡು ಬಗೆಯ ದೋಷಗಳಿವೆ. ಒಂದು ಯಾದೃಚ್ಛಿಕ: ಫೋಟಾನುಗಳು ಮಳೆಹನಿಗಳಂತೆ ಲೆಕ್ಕವಿಲ್ಲದೆ ಬೀಳುವುದರಿಂದ ಬರುವ ಏರುಪೇರು. ಹೆಚ್ಚು ಹೊತ್ತು ಕೂಡಿಸಿದರೆ ಅದು ಸಮನಾಗುತ್ತ ಹೋಗುತ್ತದೆ. ಇನ್ನೊಂದು ವ್ಯವಸ್ಥೆಯಲ್ಲೇ ಇರುವ ದೋಷ. ಪ್ರತಿ ಅಳತೆಯಲ್ಲೂ ಅದೇ ಕಡೆಗೆ, ಅಷ್ಟೇ ತಪ್ಪುತ್ತದೆ. ಮಂಜಲ್‌ಪುರದ ಪಕ್ಕದ ಮಕರಪುರ ಕೈಗಾರಿಕಾ ಪ್ರದೇಶದಲ್ಲಿ ಲಾರಿಗಳನ್ನು ತೂಗುವಂಥ ಒಂದು ವೇಬ್ರಿಡ್ಜನ್ನು ಊಹಿಸಿಕೊಳ್ಳಿ. ಹತ್ತು ಟನ್ನಿನ ಲಾರಿಯನ್ನು ಒಂದು ಕಿಲೋ ಬೆಲ್ಲದ ಸಮೇತ ಒಮ್ಮೆ, ಬೆಲ್ಲವಿಲ್ಲದೆ ಒಮ್ಮೆ ತೂಗಿ, ಕಳೆದು, ಬೆಲ್ಲದ ತೂಕ ಹೇಳಬೇಕು. ಮುಳ್ಳು ಸುಮ್ಮನೆ ನಡುಗುತ್ತಿದ್ದರೆ ಸಾವಿರ ಸಲ ತೂಗಿ ಸರಾಸರಿ ತೆಗೆಯಬಹುದು. ಆದರೆ ಲಾರಿ ಎಡಕ್ಕೆ ನಿಂತರೆ ಒಂದು ತೂಕ, ಬಲಕ್ಕೆ ನಿಂತರೆ ಇನ್ನೊಂದು ತೂಕ ತೋರಿಸುವ ತಕ್ಕಡಿಯಾದರೆ ಸಾವಿರವಲ್ಲ, ಲಕ್ಷ ಸಲ ತೂಗಿದರೂ ಬೆಲ್ಲದ ತೂಕ ಸಿಗದು. ತಪ್ಪು ಅಂಕಿಯೇ ಹೆಚ್ಚು ಹೆಚ್ಚು ಖಚಿತವಾಗಿ ಸಿಗುತ್ತದೆ. ತಕ್ಕಡಿಯನ್ನು ಹಿಗ್ಗಿಸಿದರೂ ಪ್ರಯೋಜನವಿಲ್ಲ. ಮಸುಕು ಬೆಳಕಿನ ಚಿತ್ರಣ ಇಂದು ನಿಂತಿರುವುದು ಈ ಎರಡನೆಯ ದೋಷದ ಬಾಗಿಲಲ್ಲಿ. ಅದರ ಮೂಲಗಳಲ್ಲಿ ಮುಖ್ಯವಾದವು ಇವು:

1. ಸಂವೇದಕದ ಅಸಮತೆ. ಪಿಕ್ಸೆಲ್ಲುಗಳ ಸೂಕ್ಷ್ಮತೆ ಒಂದೇ ಸಮ ಇರುವುದಿಲ್ಲ, ದೂಳು ಮತ್ತು ಅಂಚಿನ ನೆರಳೂ ಸೇರುತ್ತವೆ. ಸಮವಾಗಿ ಬೆಳಗಿದ ಪರದೆಯನ್ನೋ ಮುಸ್ಸಂಜೆಯ ಆಕಾಶವನ್ನೋ ಚಿತ್ರಿಸಿ ಈ ಅಸಮತೆಯನ್ನು ಭಾಗಿಸಿ ತೆಗೆಯುತ್ತಾರೆ; ಫ್ಲ್ಯಾಟ್ ಎಂದು ಇದಕ್ಕೆ ಹೆಸರು. ಆಕಾಶಕ್ಕಿಂತ 250 ಪಟ್ಟು ಮಸುಕಾದದ್ದನ್ನು ಶೇಕಡಾ 10ರ ನಿಖರತೆಯಲ್ಲಿ ಅಳೆಯಬೇಕಾದರೆ ಫ್ಲ್ಯಾಟ್ 2,500ರಲ್ಲಿ ಒಂದು ಪಾಲಿಗಿಂತ ಹೆಚ್ಚು ತಪ್ಪಬಾರದು. ಪರದೆಯೇ ಅಷ್ಟು ಸಮವಾಗಿ ಬೆಳಗುವುದು ಅಪರೂಪ. ಆದ್ದರಿಂದ ಈ ಕೆಲಸ ಮಾಡುವವರು ರಾತ್ರಿಯ ಆಕಾಶದ್ದೇ ನೂರಾರು ಚಿತ್ರಗಳಿಂದ ಫ್ಲ್ಯಾಟ್ ಕಟ್ಟುತ್ತಾರೆ.

2. ಚದುರಿದ ಬೆಳಕು. ಇದು ಎಲ್ಲಕ್ಕಿಂತ ಕುಟಿಲವಾದದ್ದು. ನಕ್ಷತ್ರದ ಚಿತ್ರ ಒಂದು ಚುಕ್ಕೆಯೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದರ ಸುತ್ತ ತೀರ ಮಸುಕಾದ ಪ್ರಭೆಯೊಂದು ಬಹು ದೂರದವರೆಗೆ ಹಬ್ಬಿರುತ್ತದೆ. ಕನ್ನಡಿಯ ಮೇಲಿನ ದೂಳು, ಎದುರಿಗಿರುವ ಎರಡನೆಯ ಕನ್ನಡಿ, ಅದನ್ನು ಹಿಡಿದ ತೋಳುಗಳು, ಫಿಲ್ಟರು ಮತ್ತು ಸಂವೇದಕದ ನಡುವಿನ ಪ್ರತಿಫಲನ, ಗಾಳಿಯಲ್ಲಿನ ಕಣಗಳು, ಎಲ್ಲವೂ ಇದಕ್ಕೆ ತಮ್ಮ ಪಾಲು ಕೊಡುತ್ತವೆ. ಗೆಲಾಕ್ಸಿಯ ಹೊಳೆಯುವ ನಡುಭಾಗದ ಬೆಳಕೂ ಹೀಗೆ ಚದುರಿ ಹೊರಗೆ ಬೀಳುತ್ತದೆ. ನೋಡುವವರಿಗೆ ಅದು ಗೆಲಾಕ್ಸಿಯದೇ ಪ್ರಭಾವಳಿಯಂತೆ ಕಾಣುತ್ತದೆ. ಕೆಲವು ಗೆಲಾಕ್ಸಿಗಳ ಸುತ್ತ ಕಂಡ ವಿಚಿತ್ರ ಕೆಂಪು ಪ್ರಭಾವಳಿಗಳಿಗೆ ಇದೇ ದೊಡ್ಡ ಕಾರಣವಿರಬಹುದೆಂದು ಮುಂದೆ ತೋರಿಸಲಾಯಿತು. ಕನ್ನಡಿ ದೊಡ್ಡದಾದರೆ ಈ ಬೆಳಕೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ.

3. ಆಕಾಶವನ್ನು ಕಳೆಯುವ ಕ್ರಮ. ಎಷ್ಟು ಬೆಳಕು ಆಕಾಶದ್ದು ಎಂದು ತಿಳಿಯಲು ಗೆಲಾಕ್ಸಿ ಮುಗಿದಿರುವ ಜಾಗವೊಂದು ಚಿತ್ರದಲ್ಲಿರಬೇಕು. ದೊಡ್ಡ ದೂರದರ್ಶಕಗಳ ಅನೇಕ ಕ್ಯಾಮೆರಾಗಳು ಒಮ್ಮೆಗೆ ನೋಡುವುದು ಆಕಾಶದ ಕಿರಿದಾದ ಕಿಟಕಿಯನ್ನು. ಹತ್ತಿರದ ಗೆಲಾಕ್ಸಿ ಆ ಕಿಟಕಿಯನ್ನು ಪೂರ್ತಿ ತುಂಬಿಬಿಟ್ಟರೆ ಕಳೆಯಬೇಕಾದದ್ದು ಯಾವುದು, ಉಳಿಸಬೇಕಾದದ್ದು ಯಾವುದು ಎಂಬುದೇ ತಿಳಿಯದು.

4. ಮನೆಯಂಗಳದ ದೂಳು. ನಮ್ಮ ಆಕಾಶಗಂಗೆಯ ದೂಳಿನ ಮೋಡಗಳು ಆಕಾಶಗಂಗೆಯದೇ ಬೆಳಕನ್ನು ಪ್ರತಿಫಲಿಸಿ ಎಳೆಎಳೆಯಾಗಿ ಹೊಳೆಯುತ್ತವೆ, ಥೇಟು ನಕ್ಷತ್ರಧಾರೆಗಳಂತೆ. 1965ರಲ್ಲಿ ಹಾಲ್ಟನ್ ಆರ್ಪ್ ಎಂ81 ಗೆಲಾಕ್ಸಿಯ ಪಕ್ಕ ಗುರುತಿಸಿದ ಕುಣಿಕೆಯಂಥ ರಚನೆ ಗೆಲಾಕ್ಸಿಗಳ ಜಗ್ಗಾಟದ ಗುರುತೆಂದು ಬಹುಕಾಲ ಪ್ರಸಿದ್ಧವಾಗಿತ್ತು. 2010ರಲ್ಲಿ ಅವರಕ್ತ ಅಳತೆಗಳೊಂದಿಗೆ ಹೋಲಿಸಿ ನೋಡಿದಾಗ ಅದರ ಬಹುಭಾಗ ನಮ್ಮದೇ ದೂಳೆಂಬ ತೀರ್ಮಾನಕ್ಕೆ ಬರಬೇಕಾಯಿತು.

ಈ ನಾಲ್ಕರಲ್ಲಿ ಒಂದಕ್ಕಾದರೂ ಕನ್ನಡಿಯ ಅಗಲ ಮದ್ದಲ್ಲ. ಹಾಗಾದರೆ ಯಾವುದು ಮದ್ದು ಎಂಬುದಕ್ಕೆ ಈ ಕ್ಷೇತ್ರದ ಚರಿತ್ರೆಯೇ ಉತ್ತರ ಕೊಡುತ್ತದೆ. ನನಗೆ ಅತ್ಯಂತ ಮನವರಿಕೆಯಾಗುವ ಸಾಕ್ಷ್ಯ ಡೇವಿಡ್ ಮಾಲಿನ್ ಅವರದು. ಆಸ್ಟ್ರೇಲಿಯಾದ ವೀಕ್ಷಣಾಲಯದಲ್ಲಿ ಛಾಯಾಗ್ರಾಹಕರಾಗಿದ್ದ ಮಾಲಿನ್ ವೃತ್ತಿಯಿಂದ ರಸಾಯನಶಾಸ್ತ್ರದ ಕಡೆಯವರು. 1970ರ ದಶಕದ ಕೊನೆಯಲ್ಲಿ ಅವರು ಹೊಸ ದೂರದರ್ಶಕ ಕೇಳಲಿಲ್ಲ. ಆಗಲೇ ತೆಗೆದಿದ್ದ ಗಾಜಿನ ಫಲಕಗಳನ್ನೇ ಕೈಗೆತ್ತಿಕೊಂಡರು. ತೀರ ಮಸುಕಾದ ಬೆಳಕು ಫಲಕದ ಲೇಪದ ಮೇಲ್ಪದರದಲ್ಲಿ ಮಾತ್ರ ಗುರುತು ಬಿಡುತ್ತದೆಂದು ತಿಳಿದು, ಹರಡಿದ ಬೆಳಕಿನಲ್ಲಿ ಆ ಪದರವನ್ನಷ್ಟೇ ಪ್ರತಿಮಾಡಿಕೊಂಡು, ಹಲವು ಫಲಕಗಳ ಪ್ರತಿಗಳನ್ನು ಒಂದರ ಮೇಲೊಂದು ಸೇರಿಸಿ ಹಿಗ್ಗಿಸಿದರು. 1980ರಲ್ಲಿ ಡೇವಿಡ್ ಕಾರ್ಟರ್ ಜೊತೆ ಅವರು ಪ್ರಕಟಿಸಿದ ಚಿತ್ರಗಳಲ್ಲಿ, ಯಾವ ರಚನೆಯೂ ಇಲ್ಲದ ನುಣುಪು ಉಂಡೆಗಳೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ದೀರ್ಘವೃತ್ತೀಯ ಗೆಲಾಕ್ಸಿಗಳ ಸುತ್ತ ಚಿಪ್ಪುಗಳು ಮೂಡಿದ್ದವು. ನುಂಗಲ್ಪಟ್ಟ ಗೆಲಾಕ್ಸಿಗಳ ಅವಶೇಷಗಳವು. ಮುಂದೆ ಮಾಲಿನ್ ಹೆಸರನ್ನೇ ಹೊತ್ತ ಮಾಲಿನ್ 1 ಎಂಬ ದೈತ್ಯ ಗೆಲಾಕ್ಸಿಯೂ ಬಂತು. ಗಾತ್ರದಲ್ಲಿ ನಮ್ಮ ಆಕಾಶಗಂಗೆಗಿಂತ ಎಷ್ಟೋ ಪಟ್ಟು ದೊಡ್ಡದಾಗಿದ್ದೂ ಮೇಲ್ಮೈ ಹೊಳಪು ತೀರ ಕಡಿಮೆಯಾದ್ದರಿಂದ 1980ರ ದಶಕದವರೆಗೆ ಯಾರ ಗಮನಕ್ಕೂ ಬಾರದೆ ಉಳಿದಿತ್ತು. ಚಿಪ್ಪುಗಳ ವಿಷಯದಲ್ಲಿ ಫಲಕ ಅದೇ, ಕನ್ನಡಿ ಅದೇ. ಬದಲಾದದ್ದು ಕಳೆಯುವ ಕಲೆ ಒಂದೇ.

ಇನ್ನೊಂದು ಸಾಕ್ಷ್ಯ ಎನ್‌ಜಿಸಿ 5907ರದು. ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಅಂಚು ನಮಗೆ ತಿರುಗಿಸಿ ನಿಂತ ತೆಳ್ಳಗಿನ ಗೆಲಾಕ್ಸಿ. 1998ರಲ್ಲಿ ಅದರ ಸುತ್ತ ಉಂಗುರದಂಥ ರಚನೆಯೊಂದು ವರದಿಯಾಯಿತು. 2008ರಲ್ಲಿ ಡೇವಿಡ್ ಮಾರ್ಟಿನೆಜ್ ಡೆಲ್ಗಾಡೊ ಮತ್ತು ಸಂಗಡಿಗರು ಹವ್ಯಾಸಿಯೊಬ್ಬರ ಅರ್ಧ ಮೀಟರ್ ದೂರದರ್ಶಕದಿಂದ ಪಡೆದ ಚಿತ್ರದಲ್ಲಿ ಗೆಲಾಕ್ಸಿಯನ್ನು ಎರಡು ಸುತ್ತು ಸುತ್ತಿದ ಧಾರೆ ಕಂಡಿತು. ಆ ಸುಂದರ ಚಿತ್ರ ಬಹುಬೇಗ ಈ ವಿಷಯದ ಲಾಂಛನದಂತಾಯಿತು. 2019ರಲ್ಲಿ ಪೀಟರ್ ವ್ಯಾನ್ ಡೊಕುಮ್ ಮತ್ತು ರಾಬರ್ಟೊ ಅಬ್ರಹಾಂ ಅವರ ಡ್ರ್ಯಾಗನ್‌ಫ್ಲೈ ತಂಡ ಅದನ್ನೇ ಮತ್ತೆ ಚಿತ್ರಿಸಿತು. ಡ್ರ್ಯಾಗನ್‌ಫ್ಲೈ ಎಂದರೆ ಕ್ರೀಡಾ ಛಾಯಾಗ್ರಾಹಕರು ಬಳಸುವ 400 ಮಿಲಿಮೀಟರ್ ಕ್ಯಾನನ್ ಮಸೂರಗಳ ಗುಂಪು. 2013ರಲ್ಲಿ 8 ಮಸೂರಗಳಿದ್ದದ್ದು ಆಮೇಲೆ 48ಕ್ಕೆ ಬೆಳೆಯಿತು. ಒಂದೊಂದರ ಅಗಲ ಸುಮಾರು 14 ಸೆಂಟಿಮೀಟರ್, ಎಲ್ಲ ಸೇರಿದರೆ ಒಂದು ಮೀಟರ್ ಮಸೂರಕ್ಕೆ ಸಮ. ದಾರಿಗೆ ಅಡ್ಡವಾಗಿ ಎರಡನೆಯ ಕನ್ನಡಿಯಿಲ್ಲ, ಅದನ್ನು ಹಿಡಿಯುವ ತೋಳುಗಳಿಲ್ಲ. ಮಸೂರದ ಮೇಲಿನ ಅತಿಸೂಕ್ಷ್ಮ ಲೇಪ ಒಳಪ್ರತಿಫಲನವನ್ನು ತಗ್ಗಿಸುತ್ತದೆ. ಆ ಚಿತ್ರದಲ್ಲಿ ಕಂಡದ್ದು ಒಂದೇ ಬಾಗಿದ ಧಾರೆ ಮತ್ತು ಅದರ ಉದ್ದನೆಯ ಬಾಲ. ಎರಡನೆಯ ಸುತ್ತು ಇರಲಿಲ್ಲ. ಅದೇ ವರ್ಷ ಬೇರೊಂದು ತಂಡವೂ ಎರಡನೆಯ ಸುತ್ತು ಇಲ್ಲವೆಂದಿತು. ಈ ಪ್ರಸಂಗವನ್ನು ಹವ್ಯಾಸಿಗಳ ಸೋಲೆಂದು ಓದಬಾರದು. ಧಾರೆ ಇದೆಯೆಂಬುದನ್ನು ಲೋಕಕ್ಕೆ ಮನಗಾಣಿಸಿದ್ದು, ಮುಂದೆ ಹತ್ತಾರು ಗೆಲಾಕ್ಸಿಗಳ ಸುತ್ತ ಅಂಥವನ್ನೇ ಹುಡುಕಲು ದಾರಿ ತೆರೆದದ್ದು ಅಂಥ ಸಣ್ಣ ದೂರದರ್ಶಕಗಳೇ. ನಾನು ಎತ್ತಿ ಹೇಳಬೇಕೆಂದಿರುವುದು ಬೇರೆ: ವಿವಾದ ಹುಟ್ಟಿದ್ದೂ ಸಣ್ಣ ಉಪಕರಣಗಳ ನಡುವೆ, ಅದರ ಪ್ರಶ್ನೆ ಕೊನೆಯವರೆಗೂ ಚಿತ್ರಣದ ಶುದ್ಧಿಯದೇ ಆಗಿತ್ತು. ಯಾರ ಕನ್ನಡಿ ದೊಡ್ಡದೆಂದು ಕೇಳಿದ್ದರೆ ಇದು ಇತ್ಯರ್ಥವಾಗುತ್ತಿರಲಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಬಲವಾದದ್ದು ಹೀಗಿದೆ. ಹರಡಿದ ಬೆಳಕನ್ನು ಅಳೆಯುವ ಗೋಜಿಗೇಕೆ ಹೋಗಬೇಕು, ಧಾರೆಯೊಳಗಿನ ನಕ್ಷತ್ರಗಳನ್ನೇ ಒಂದೊಂದಾಗಿ ಎಣಿಸಿದರಾಯಿತಲ್ಲ? ಇದು ಆಗಿರುವ ಕೆಲಸ. ಹವಾಯಿಯ 3.6 ಮೀಟರ್ ದೂರದರ್ಶಕದಿಂದ ನಡೆದ ಪ್ಯಾಂಡಾಸ್ ಸಮೀಕ್ಷೆ ಆಂಡ್ರೊಮಿಡಾದ ಸುತ್ತ ಸುಮಾರು ಐದು ಲಕ್ಷ ಜ್ಯೋತಿರ್ವರ್ಷದವರೆಗೆ ನಕ್ಷತ್ರಗಳನ್ನು ಎಣಿಸಿ, ಬೇರೆ ಯಾವ ವಿಧಾನಕ್ಕೂ ಎಟುಕದ ಧಾರೆಗಳ ಜಾಲವನ್ನೇ ತೋರಿಸಿತು. ಇಲ್ಲಿ ಕನ್ನಡಿಯ ಅಗಲ ನಿಜಕ್ಕೂ ಗೆಲ್ಲುತ್ತದೆ, ಏಕೆಂದರೆ ಸಮಸ್ಯೆ ಮತ್ತೆ ಬಿಂದುವಿನದಾಯಿತು. ಆದರೆ ಆಂಡ್ರೊಮಿಡಾ ಇರುವುದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಎನ್‌ಜಿಸಿ 5907 ಅದರ 22 ಪಟ್ಟು ದೂರ. ಅಲ್ಲಿಯ ಅದೇ ಬಗೆಯ ನಕ್ಷತ್ರ ನಮಗೆ ಸುಮಾರು 480 ಪಟ್ಟು ಮಸುಕು, ಅಲ್ಲದೆ ನೆಲದ ಮೇಲಿನ ದೂರದರ್ಶಕಕ್ಕೆ ಪಕ್ಕದ ನಕ್ಷತ್ರಗಳೊಂದಿಗೆ ಬೆರೆತುಹೋಗುವಷ್ಟು ಒತ್ತೊತ್ತು. ಎಣಿಕೆಯ ವಿಧಾನ ನಮ್ಮ ನೆರೆಯ ಕೆಲವೇ ಗೆಲಾಕ್ಸಿಗಳಿಗೆ ಸೀಮಿತ. ನೆರೆಯವರನ್ನಷ್ಟೇ ನೋಡಿ ಎಲ್ಲ ಗೆಲಾಕ್ಸಿಗಳ ಬಾಳನ್ನು ಬರೆಯಲಾಗದು. ಅದರಾಚೆ ಹರಡಿದ ಬೆಳಕೇ ಗತಿ.

ಎರಡನೆಯ ಆಕ್ಷೇಪ ಚಿಲಿಯ ರೂಬಿನ್ ವೀಕ್ಷಣಾಲಯದ್ದು. ಅದರ ಕನ್ನಡಿ 8.4 ಮೀಟರ್, 2025ರ ಜೂನಿನಲ್ಲಿ ಬಿಡುಗಡೆಯಾದ ಮೊದಲ ಚಿತ್ರಗಳಲ್ಲೇ ಎಂ61 ಗೆಲಾಕ್ಸಿಯಿಂದ ಹೊರಟ ಒಂದು ನಕ್ಷತ್ರಧಾರೆ ಕಂಡಿತು. ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ ಎನ್ನಬಹುದು. ರೂಬಿನ್ ಈ ಕ್ಷೇತ್ರಕ್ಕೆ ಬಹಳಷ್ಟನ್ನು ಕೊಡಲಿದೆಯೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಬರಿಯ ದೊಡ್ಡ ಕನ್ನಡಿಯಲ್ಲ. ಒಮ್ಮೆಗೆ ಸುಮಾರು 9.6 ಚದರ ಡಿಗ್ರಿ, ಎಂದರೆ 40ಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರಷ್ಟು ಆಕಾಶವನ್ನು ನೋಡುವ ಕಿಟಕಿ ಅದಕ್ಕಿದೆ, ಚಿಲಿಯ ಪರ್ವತದ ಕತ್ತಲೆಯಿದೆ, ಹತ್ತು ವರ್ಷಗಳ ಕಾಯುವಿಕೆಯ ಯೋಜನೆಯಿದೆ. ಇಷ್ಟಿದ್ದೂ ಅದರ ಮಾಹಿತಿಯಲ್ಲಿ ಮಸುಕು ರಚನೆಗಳು ಉಳಿಯುತ್ತವೆಯೇ ಎಂಬುದು ಆಕಾಶವನ್ನು ಕಳೆಯುವ ತಂತ್ರಾಂಶವನ್ನು ಎಷ್ಟು ಎಚ್ಚರದಿಂದ ಬರೆದಿದ್ದಾರೆಂಬುದರ ಮೇಲೆ ನಿಂತಿದೆ. ಸಣ್ಣ ಮಸುಕು ಗೆಲಾಕ್ಸಿಗಳನ್ನು ಎಣಿಸಲೆಂದು ಬರೆದ ತಂತ್ರಾಂಶ ದೊಡ್ಡ ಗೆಲಾಕ್ಸಿಯ ಹೊರವಲಯವನ್ನೇ ಆಕಾಶವೆಂದು ತಿಳಿದು ಅಳಿಸಿಹಾಕುವುದು ಹಿಂದಿನ ಸಮೀಕ್ಷೆಗಳ ಪರಿಚಿತ ತೊಂದರೆ. ಇದು ಕನ್ನಡಿಯ ಮೇಲೆ ಸುರಿದ ಹಣದಿಂದ ಪರಿಹಾರವಾಗದ ತೊಂದರೆ.

ಮೂರನೆಯ ಆಕ್ಷೇಪ ನಮ್ಮಂಥ ನಗರವಾಸಿಗಳದು: ಫಿಲ್ಟರು ಮತ್ತು ಗಣಕವಿರುವಾಗ ಬೆಳಗಿದ ಆಕಾಶ ಅಡ್ಡಿಯೇಕೆ? 2022ರಲ್ಲಿ ಕೆಲವು ಹವ್ಯಾಸಿಗಳು ಸುಮಾರು 10 ಸೆಂಟಿಮೀಟರಿನ ಸಣ್ಣ ದೂರದರ್ಶಕದಿಂದ, ಆಮ್ಲಜನಕದ ಒಂದೇ ಬಣ್ಣವನ್ನು ಬಿಡುವ ಫಿಲ್ಟರಿನಲ್ಲಿ ಅನೇಕ ರಾತ್ರಿ ಕಾದು, ಆಂಡ್ರೊಮಿಡಾದ ಪಕ್ಕದಲ್ಲೇ ಹಿಂದೆ ಯಾರೂ ಕಾಣದ ವಿಶಾಲವಾದ ನೀಲಿ ಕಮಾನೊಂದನ್ನು ಕಂಡರು. ಆಕಾಶದಲ್ಲಿ ಅತಿ ಹೆಚ್ಚು ಚಿತ್ರಿತವಾದ ಗೆಲಾಕ್ಸಿಯ ಮಗ್ಗುಲಲ್ಲಿ! ಸಣ್ಣ ಉಪಕರಣಗಳ ಶಕ್ತಿಗೆ ಇದು ಒಳ್ಳೆಯ ಪುರಾವೆ. ಆದರೆ ಅದು ಅನಿಲದ ಬೆಳಕು, ಒಂದೇ ಬಣ್ಣದಲ್ಲಿ ಕೇಂದ್ರೀಕೃತ. ನಕ್ಷತ್ರಧಾರೆಯ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿದೆ. ಒಂದೇ ಬಣ್ಣದ ಕಿಂಡಿಯಿಂದ ನೋಡಿದರೆ ಆಕಾಶದೊಂದಿಗೆ ಧಾರೆಯೂ ಹೋಗುತ್ತದೆ. ಹಳೆಯ ಸೋಡಿಯಂ ದೀಪಗಳ ಕಾಲದಲ್ಲಿ ದೀಪದ ಹಳದಿಯನ್ನಷ್ಟೇ ತಡೆದು ಉಳಿದದ್ದನ್ನು ಉಳಿಸಿಕೊಳ್ಳುವ ಅವಕಾಶ ಒಂದಿಷ್ಟಾದರೂ ಇತ್ತು. 2015ರ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದ ನಂತರ ನಮ್ಮ ನಗರಗಳು ಎಲ್‌ಇಡಿಗೆ ಬದಲಾಗುತ್ತ ಬಂದವು. ವಿದ್ಯುತ್ತಿನ ಉಳಿತಾಯ ದೊಡ್ಡ ಲಾಭವೇ, ಅದನ್ನು ಅಲ್ಲಗಳೆಯಲಾರೆ. ಆದರೆ ಬಿಳಿ ಎಲ್‌ಇಡಿಯ ಬೆಳಕೂ ನಕ್ಷತ್ರಗಳ ಬೆಳಕಿನಂತೆಯೇ ಎಲ್ಲ ಬಣ್ಣಗಳಲ್ಲೂ ಹರಡಿದ ಬೆಳಕು. ಬಣ್ಣ ನೋಡಿ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ಫಿಲ್ಟರು ಇರಲಾರದು.

ಗಣಕದ ಮೇಲಿನ ಭರವಸೆಗೂ ಇದೇ ಗತಿ, ಅದನ್ನು ಲೆಕ್ಕ ಮಾಡಿಯೇ ನೋಡಬಹುದು. ದೊಡ್ಡ ನಗರದೊಳಗಿನ ಆಕಾಶದ ಹೊಳಪು ಸಾಮಾನ್ಯವಾಗಿ 18ರ ಆಸುಪಾಸು. ಮಂಜಲ್‌ಪುರಕ್ಕೂ ಅದನ್ನೇ ಇಟ್ಟುಕೊಳ್ಳೋಣ. ಕತ್ತಲೆಯ ತಾಣಕ್ಕಿಂತ 4 ಕಾಂತಿಮಾನ ಹೆಚ್ಚು ಬೆಳಕು, ಅಂದರೆ 40 ಪಟ್ಟು. ಯಾದೃಚ್ಛಿಕ ದೋಷವೊಂದನ್ನೇ ಪರಿಗಣಿಸಿದರೆ, ಅಲ್ಲಿ ಒಂದು ಗಂಟೆಯಲ್ಲಿ ಸಿಗುವುದು ಇಲ್ಲಿ 40 ಗಂಟೆಯಲ್ಲಿ ಸಿಗಬೇಕು. ಅಥವಾ ಅಲ್ಲಿಯ 15 ಸೆಂಟಿಮೀಟರ್ ಮಸೂರಕ್ಕೆ ಇಲ್ಲಿ ಹೆಚ್ಚುಕಡಿಮೆ ಒಂದು ಮೀಟರಿನ ಕನ್ನಡಿ ಸಮ. ಕಷ್ಟವಾದರೂ ಅಸಾಧ್ಯವಲ್ಲ ಎನಿಸುತ್ತದೆ. ಆದರೆ 28ರ ಧಾರೆ 18ರ ಆಕಾಶಕ್ಕಿಂತ 10,000 ಪಟ್ಟು ಮಸುಕು. ಅದನ್ನು ಶೇಕಡಾ 10ರ ನಿಖರತೆಯಲ್ಲಿ ಅಳೆಯಲು ಫ್ಲ್ಯಾಟ್ ಮತ್ತು ಆಕಾಶದ ಅಂದಾಜು ಲಕ್ಷಕ್ಕೆ ಒಂದು ಪಾಲಿನಷ್ಟು ಸರಿಯಿರಬೇಕು. ನಗರದ ಆಕಾಶದ ಹೊಳಪೋ ದಿಕ್ಕಿನಿಂದ ದಿಕ್ಕಿಗೆ ಬೇರೆ, ಗಾಳಿಯ ದೂಳಿನೊಂದಿಗೆ ಗಳಿಗೆಗಳಿಗೆಗೆ ಬೇರೆ. ಲಕ್ಷಕ್ಕೊಂದು ಪಾಲಿನ ಸ್ಥಿರತೆಯನ್ನು ಅದರಿಂದ ಕೇಳುವಂತೆಯೇ ಇಲ್ಲ. 40 ಪಟ್ಟು ಬೆಲೆ ಕೊಟ್ಟರೂ ದೊರೆಯದ ವಸ್ತುವಿಗೆ 40 ಪಟ್ಟು ದುಬಾರಿ ಎನ್ನುವುದು ತಪ್ಪು ಲೆಕ್ಕ.

ಭಾರತದ ಅನುಭವದಲ್ಲೇ ಇದರ ಇನ್ನೊಂದು ಮಗ್ಗುಲಿಗೆ ಒಳ್ಳೆಯ ಉದಾಹರಣೆಯಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೊಸ್ಯಾಟ್ ಉಪಗ್ರಹದ ಮೇಲಿರುವ ಅತಿನೇರಳೆ ದೂರದರ್ಶಕ ಯುವಿಐಟಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ, ಹೊಸಕೋಟೆಯ ಅದರ ಕೇಂದ್ರದಲ್ಲಿ ಜೋಡಣೆಗೊಂಡ ಉಪಕರಣ ಅದು. ಅದರ ಎರಡು ಕನ್ನಡಿಗಳ ಅಗಲ ಒಂದೊಂದೂ 38 ಸೆಂಟಿಮೀಟರಿನಷ್ಟು ಮಾತ್ರ. ಒಬ್ಬ ಹವ್ಯಾಸಿ ಕನಸಿನಲ್ಲಾದರೂ ಕೊಳ್ಳಬಹುದಾದ ಅಳತೆ. ಆದರೆ ವಾತಾವರಣದ ಮೇಲೆ, ದೂರ ಅತಿನೇರಳೆಯಲ್ಲಿ ಆಕಾಶ ಅತ್ಯಂತ ಕಪ್ಪು. ಗೆಲಾಕ್ಸಿಗಳ ಹೊರ ಅಂಚಿನಲ್ಲಿ, ನಕ್ಷತ್ರಗಳೇ ಹುಟ್ಟಲಾರವೆಂದು ತಿಳಿದಿದ್ದ ಕಡೆ, ಎಳೆಯ ನಕ್ಷತ್ರಗಳ ಹರವನ್ನು ಅದು ಹಿಡಿಯಿತು. ದೂರದ ನೀಲಿ ಕುಬ್ಜ ಗೆಲಾಕ್ಸಿಗಳ ಸುತ್ತ ಅಂಥ ಹರವು ಇರುವುದನ್ನು ತೋರಿಸಿದ ಪ್ರಬಂಧ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅದರ ಹಿಂದಿದ್ದದ್ದು ಪುಣೆಯ ಖಗೋಳ ಸಂಸ್ಥೆ ಅಯುಕಾದ ಕನಕ್ ಸಾಹಾ ಮತ್ತು ಸಂಗಡಿಗರು. ಕನ್ನಡಿ ಚಿಕ್ಕದಾಗಿಯೇ ಇದ್ದು ಆಕಾಶ ಕಪ್ಪಾದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಯೋಗ ನನಗೆ ಗೊತ್ತಿಲ್ಲ.

ನೆಲದ ಮೇಲೆ ನಮಗಿರುವ ಅಂಥ ಆಸ್ತಿ ಲಡಾಖಿನ ಹಾನ್ಲೆ. 4,500 ಮೀಟರ್ ಎತ್ತರದಲ್ಲಿರುವ ಅಲ್ಲಿಯ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಅದರ ಮುಖ್ಯ ಕ್ಯಾಮೆರಾದ ಕಿಟಕಿ ಸುಮಾರು 10 ಆರ್ಕ್‌ನಿಮಿಷ ಅಗಲ, ಚಂದ್ರನ ಮೂರನೇ ಒಂದು ಭಾಗ. ಸಿಡಿಯುವ ನಕ್ಷತ್ರಗಳನ್ನು ಹಿಂಬಾಲಿಸಲು ಅದು ಒಪ್ಪುವ ಅಳತೆ, ಗೆಲಾಕ್ಸಿಗಳ ಹೊರವಲಯಕ್ಕೆ ಒಪ್ಪದು. 2022ರಲ್ಲಿ ಅದರ ಸುತ್ತಲಿನ 1,073 ಚದರ ಕಿಲೋಮೀಟರನ್ನು ದೇಶದ ಮೊದಲ ಕತ್ತಲಾಕಾಶ ಮೀಸಲು ಪ್ರದೇಶವೆಂದು ಘೋಷಿಸಿ, ಹಳ್ಳಿಗಳ ದೀಪಗಳಿಗೆ ಮರೆ ಕಟ್ಟಿ, ಅಲ್ಲಿಯವರಿಗೇ ಆಕಾಶ ತೋರಿಸುವ ತರಬೇತಿ ಕೊಡಲಾಗಿದೆ. ಆ ಪ್ರದೇಶದಲ್ಲಿ ಅಗಲ ಕಿಟಕಿಯ, ಚದುರುವ ಬೆಳಕು ಕಡಿಮೆಯಿರುವ ಮಸೂರಗಳ ಒಂದು ಚಿಕ್ಕ ಗುಂಪನ್ನು ನಿಲ್ಲಿಸಿದರೆ, ಅದೇ ಹಣಕ್ಕೆ ಸಿಗಬಹುದಾದ ಯಾವ ಒಂಟಿ ಕನ್ನಡಿಗಿಂತಲೂ ಹೆಚ್ಚಿನದನ್ನು ಅದು ಈ ವಿಷಯದಲ್ಲಿ ಕಂಡೀತೆಂದು ಮೇಲಿನ ಲೆಕ್ಕಗಳು ಹೇಳುತ್ತವೆ. ಮಸೂರಗಳನ್ನು ಮುಂದೆ ಯಾವಾಗ ಬೇಕಾದರೂ ತರಬಹುದು. ಅಬು, ಕಾವಲೂರು, ಹಾನ್ಲೆಗಳಂಥ ವೀಕ್ಷಣಾ ತಾಣಗಳ ಸುತ್ತ ಊರುಗಳೂ ರಸ್ತೆಗಳೂ ಬೆಳೆಯುತ್ತಿರುವಾಗ, ಯಾವ ದೀಪ ಎಲ್ಲಿ, ಯಾವ ಕಡೆಗೆ ಮುಖ ಮಾಡಿ, ಎಷ್ಟು ಹೊತ್ತು ಉರಿಯಬೇಕೆಂಬ ತೀರ್ಮಾನಗಳು ಮಾತ್ರ ಪುರಸಭೆ ಮತ್ತು ಪಂಚಾಯಿತಿಗಳಲ್ಲಿ ಈಗಲೇ ಆಗುತ್ತಿವೆ. ಆ ಸಭೆಗಳಲ್ಲಿ ಖಗೋಳದ ಪರವಾಗಿ ಮಾತಾಡಲು ಸದ್ಯ ಹೆಚ್ಚಿನ ಕಡೆ ಯಾರೂ ಇರುವುದಿಲ್ಲ.